ಹಳದಿ ದೀಪದ ಚರಿತ್ರೆ

"ಅಳಿಯ, ಬೆಂಕಿ ಏನೂ ಇಲ್ಲ ಕಣಪ್ಪ. ಹಳದಿ ದೀಪ ಅಷ್ಟೆ. ಆದ್ರೆ ಬಾಯಿ ಮುಚ್ತಾ ಇಲ್ಲ ಇದು."

ಅರಸೀಕೆರೆಯಿಂದ ಮಾವ ಫೋನ್ ಮಾಡಿದಾಗ ರಾತ್ರಿ ಎರಡೂ ಕಾಲು. ಆ ವಾರ ಆಫೀಸಿನಲ್ಲಿ ನಾನು ಆನ್‌ಕಾಲ್ ಇದ್ದೆ. ಮೊಬೈಲ್ ಹೊಡೆದುಕೊಂಡ ತಕ್ಷಣ ಯಾವ ಸರ್ವರ್ ಬಿತ್ತಪ್ಪಾ ಅಂತ ಎದ್ದು ಕೂತರೆ, ಬಿದ್ದಿದ್ದು ಸರ್ವರ್ ಅಲ್ಲ, ಕೊಬ್ಬರಿ ಗೋಡೌನಿನ ಫೈರ್ ಅಲಾರಂ ಪ್ಯಾನೆಲ್. ಊರಲ್ಲಿ ಕರೆಂಟ್ ಹೋಗಿತ್ತು. ಪ್ಯಾನೆಲ್ ಒಳಗಿನ ಬಜರ್ ಕುಯ್ಯೋ ಅಂತ ಒಂದೇ ಸಮನೆ ಅಳುತ್ತಿರುವುದು ಫೋನಿನಲ್ಲೇ ಕೇಳಿಸುತ್ತಿತ್ತು. ಮಾವನಿಗೆ ಬೇಕಾಗಿದ್ದು ಒಂದೇ ಉತ್ತರ: ಯಾವ ವೈರ್ ಕಿತ್ತರೆ ಇದು ಸುಮ್ಮನಾಗುತ್ತೆ?

ಯಾವುದನ್ನೂ ಕೀಳಬೇಡಿ, ನಾನೇ ಬರ್ತೀನಿ ಅಂದೆ. ಮೆಕ್ಯಾನಿಕ್‌ನನ್ನು ಕರೆಸಿ ಅನ್ನಬಹುದಿತ್ತು. ಆದರೆ ಮೆಕ್ಯಾನಿಕ್ ಹಿಂದೆ ಒಂದು ಸಲ ಬಂದು ಹೋಗಿದ್ದ. ಆ ಕತೆ ಮುಂದೆ ಬರುತ್ತೆ.

ಅರಸೀಕೆರೆ, ತಿಪಟೂರಿನ ಕಡೆಯವರಲ್ಲದವರಿಗೆ ಒಂದು ಮಾತು. ನಮ್ಮ ಕಡೆ ಕೊಬ್ಬರಿ ಅಂದರೆ ಉಂಡೆ ಕೊಬ್ಬರಿ. ತೆಂಗಿನಕಾಯಿ ಒಡೆದು ಬಿಸಿಲಿಗೆ ಹಾಕುವುದಲ್ಲ. ಬಲಿತ ಕಾಯನ್ನು ಇಡಿಯಾಗಿ ಅಟ್ಟದ ಮೇಲೆ ಪೇರಿಸಿ, ನೆರಳಲ್ಲಿ ಎಂಟರಿಂದ ಹನ್ನೆರಡು ತಿಂಗಳು ಬಿಡಬೇಕು. ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಒಳಗೆ ಗುಡುಗುಡು ಅಂದಾಗ ಸುಲಿಯುವುದು. ಅಂದರೆ ಒಂದು ವರ್ಷದ ದುಡಿಮೆ ಪೂರ್ತಿ ತಲೆ ಮೇಲೆ, ಅಟ್ಟದಲ್ಲಿ ಕೂತಿರುತ್ತೆ. ಕೆಳಗೆ ನಾರು, ಮಟ್ಟೆ, ಚಿಪ್ಪು, ಗೋಣಿಚೀಲ. ಇದರಲ್ಲಿ ಉರಿಯದ ವಸ್ತು ಯಾವುದು ಹೇಳಿ? ಸಾಲದ್ದಕ್ಕೆ ಕೊಬ್ಬರಿಗೆ ಇನ್ನೊಂದು ಗುಣವಿದೆ. ಸರಿಯಾಗಿ ಒಣಗದ ಕೊಬ್ಬರಿಯನ್ನು ರಾಶಿ ಹಾಕಿದರೆ ಬೂಸ್ಟು ಹಿಡಿದು, ಎಣ್ಣೆ ಗಾಳಿಯೊಡನೆ ಸೇರಿ, ಒಳಗೊಳಗೇ ಕಾವೇರುತ್ತೆ. ಹಡಗು ಸಾಗಣೆಯ ಅಂತರರಾಷ್ಟ್ರೀಯ ನಿಯಮಗಳಲ್ಲಿ ಕೊಬ್ಬರಿ 'ತಾನಾಗಿಯೇ ಹೊತ್ತಿಕೊಳ್ಳಬಲ್ಲ ಸರಕು'. ಅದಕ್ಕೆ ವಿಶ್ವಸಂಸ್ಥೆಯ ಸಂಖ್ಯೆಯೂ ಉಂಟು: 1363. ನಾವು ಹೋಳಿಗೆ ಊರಣಕ್ಕೆ ತುರಿದು ಹಾಕುವ ಕೊಬ್ಬರಿಯೇ!

ಸಾಲ ಕೊಟ್ಟವರು, ವಿಮೆ ಮಾಡಿದವರು ಎಲ್ಲ ಕೇಳಿದ್ದರಿಂದ ಮಾವ ಕೆಲವು ವರ್ಷದ ಹಿಂದೆ ಒಂದು ನಾಲ್ಕು ಜೋನಿನ ಸಣ್ಣ ಪ್ಯಾನೆಲ್ ಹಾಕಿಸಿದ್ದರು. ಒಂದನೇ ಜೋನ್ ಕೆಳಗಿನ ಗೋಡೌನ್, ಎರಡನೆಯದು ಅಟ್ಟ, ಮೂರನೆಯದು ಲೆಕ್ಕ ಬರೆಯುವ ಕೋಣೆ, ನಾಲ್ಕನೆಯದು ಖಾಲಿ. ಕೆಂಪು ದೀಪ ಬಂದರೆ ಬೆಂಕಿ. ಹಳದಿ ಬಂದರೆ ಯಂತ್ರಕ್ಕೇ ಏನೋ ಕಾಯಿಲೆ. ಅಟ್ಟದ ಏಣಿ ಕೆಳಗೆ ಮಂಚ ಹಾಕಿಕೊಂಡು ರಾತ್ರಿ ಮಲಗುವವನು ಕಾವಲಿನ ಅಜ್ಜ. ಮಾವನ ಮನೆ ಅಲ್ಲಿಂದ ಒಂದು ಮೈಲಿ.

ಶನಿವಾರ ಬೆಳಿಗ್ಗೆ ಬ್ಯಾಗಿನಲ್ಲಿ ಮಲ್ಟಿಮೀಟರ್ ಹಾಕಿಕೊಂಡು ರೈಲು ಹತ್ತಿದೆ. ಅರಸೀಕೆರೆ ಜಂಕ್ಷನ್ನಿನಲ್ಲಿ ಇಳಿದಾಗಲೆಲ್ಲ ನನಗೆ ತಾತ ನೆನಪಾಗುತ್ತಾರೆ. ಮೀಟರ್ ಗೇಜ್ ಕಾಲದಲ್ಲಿ ಅವರು ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್. ಬೆಂಗಳೂರು–ಹುಬ್ಬಳ್ಳಿ ಲೈನು, ಹಾಸನ–ಮೈಸೂರು ಲೈನು ಎರಡೂ ಕೂಡುವ ಊರು ಇದು. ಚಿಕ್ಕಂದಿನಲ್ಲಿ ನನ್ನನ್ನು ಪ್ಲಾಟ್‌ಫಾರಂ ತುದಿಗೆ ಕರೆದುಕೊಂಡು ಹೋಗಿ ಕೈಮರ ತೋರಿಸೋರು. ಕೈ ಅಡ್ಡ ಇದ್ದರೆ ನಿಲ್ಲು, ಇಳಿದಿದ್ದರೆ ಹೋಗು. "ಕೈ ಎಳೆಯೋ ತಂತಿ ಹರಿದ್ರೆ ಏನಾಗುತ್ತೆ ಹೇಳು?" ಅಂತ ಕೇಳೋರು. ಹರಿದರೆ ಕೈ ಕೆಳಗೆ ಬೀಳುತ್ತೆ ಅಂತ ನಾನು. "ಊಹ್ಞೂಂ. ಭಾರದ ಗುಂಡು ಕಟ್ಟಿರ್ತಾರೆ. ತಂತಿ ಹರಿದ್ರೆ ಕೈ ತಾನಾಗೇ ಅಡ್ಡ ನಿಂತ್ಕೊಳುತ್ತೆ. ಗಾಡಿ ನಿಲ್ಲುತ್ತೆ. ಡ್ರೈವರ್ ಬೈಕೊಳ್ತಾನೆ, ಬೈಕೊಳ್ಳಲಿ."

ಈ ಬುದ್ಧಿ ರೈಲ್ವೆಗೆ ಹುಟ್ಟಿನಿಂದ ಬಂದದ್ದಲ್ಲ. 1876ರ ಜನವರಿಯಲ್ಲಿ ಇಂಗ್ಲೆಂಡಿನ ಆಬಟ್ಸ್ ರಿಪ್ಟನ್ ಎಂಬಲ್ಲಿ ವಿಪರೀತ ಹಿಮ ಬಿತ್ತು. ಆಗಿನ ಪದ್ಧತಿಯಲ್ಲಿ ಅಲ್ಲಿನ ಸಿಗ್ನಲ್ ಸಾಮಾನ್ಯವಾಗಿ 'ಹೋಗು' ಸ್ಥಿತಿಯಲ್ಲೇ ಇರುತ್ತಿತ್ತು, ಅಪಾಯ ಬಂದಾಗ ಮಾತ್ರ 'ನಿಲ್ಲು'. ಹಿಮ ಗಟ್ಟಿಯಾಗಿ ಕೈ 'ಹೋಗು'ವಿನಲ್ಲೇ ಕಚ್ಚಿಕೊಂಡಿತು. ಕೆಳಗೆ ಲಿವರ್ ಎಳೆದವನು ಸಿಗ್ನಲ್ ಬಿದ್ದಿದೆ ಅಂದುಕೊಂಡ, ಡ್ರೈವರ್ ದಾರಿ ಖಾಲಿ ಅಂದುಕೊಂಡ. ಎಕ್ಸ್‌ಪ್ರೆಸ್ ಹೋಗಿ ಕಲ್ಲಿದ್ದಲು ಗಾಡಿಗೆ ಗುದ್ದಿತು, ಎದುರಿನಿಂದ ಬಂದ ಇನ್ನೊಂದು ಎಕ್ಸ್‌ಪ್ರೆಸ್ ಆ ಅವಶೇಷಕ್ಕೆ ಗುದ್ದಿತು. ಆಮೇಲೆ ನಿಯಮ ತಿರುಗಿಸಿದರು: ಮಾಮೂಲಿ ಸ್ಥಿತಿ ಅಂದರೆ 'ನಿಲ್ಲು'.

ಇದಕ್ಕೆ ನಾಲ್ಕು ವರ್ಷ ಮೊದಲೇ ಅಮೆರಿಕದ ವಿಲಿಯಂ ರಾಬಿನ್ಸನ್ ಇದೇ ಮಾತನ್ನು ವಿದ್ಯುತ್ತಿನ ಭಾಷೆಯಲ್ಲಿ ಹೇಳಿದ್ದ. ಅವನ ಮೊದಲ ಸಾಧನ 1870ರದ್ದು. ರೈಲು ಬಂದಾಗ ಸರ್ಕಿಟ್ ಕೂಡಿ ಕರೆಂಟ್ ಹರಿದು ಕೆಂಪು ತೋರಿಸುತ್ತಿತ್ತು. ಕೆಲಸ ಚೆನ್ನಾಗಿಯೇ ಮಾಡುತ್ತಿತ್ತು, ಆದರೆ ಒಂದು ತೂತು. ಬ್ಯಾಟರಿ ಸತ್ತರೆ, ವೈರ್ ತುಂಡಾದರೆ, ರೈಲು ಬಂದರೂ ಸಿಗ್ನಲ್ ಸುಮ್ಮನಿರುತ್ತಿತ್ತು. ರೈಲು ಇಲ್ಲದ ಮೌನಕ್ಕೂ ಯಂತ್ರ ಸತ್ತ ಮೌನಕ್ಕೂ ವ್ಯತ್ಯಾಸವೇ ಇಲ್ಲ. 1872ರಲ್ಲಿ ಅವನು ಎಲ್ಲವನ್ನೂ ತಲೆಕೆಳಗು ಮಾಡಿದ. ಹಳಿಗಳಲ್ಲಿ ಯಾವಾಗಲೂ ಸ್ವಲ್ಪ ಕರೆಂಟ್ ಹರಿಯುತ್ತಿರಲಿ. ಅದು ತಲುಪುತ್ತಿರುವವರೆಗೆ ಮಾತ್ರ 'ಹೋಗು'. ರೈಲು ಬಂದು ದಾರಿ ತಪ್ಪಿಸಿದರೂ, ಹಳಿ ಒಡೆದರೂ, ಬ್ಯಾಟರಿ ಸತ್ತರೂ, ಕೆಂಪು. ಇವತ್ತು ಅರಸೀಕೆರೆ ಯಾರ್ಡಿನ ಟ್ರ್ಯಾಕ್ ಸರ್ಕಿಟ್ಟಿನ ಮುತ್ತಾತ ಅದೇ. ಸಾಫ್ಟ್‌ವೇರಿನಲ್ಲಿ ನಾವು 'ಹಾರ್ಟ್‌ಬೀಟ್' ಅಂತ ಏನೋ ಹೊಸದಾಗಿ ಕಂಡುಹಿಡಿದ ಹಾಗೆ ಸ್ಲೈಡ್ ಹಾಕುತ್ತೇವಲ್ಲ, ಅದೂ ಇದೇ.

ಬೆಂಕಿಯ ಅಲಾರಮ್ಮೂ ಇದೇ ದಾರಿ ಹಿಡಿಯಿತು. ಮೊದಲು ಎಲ್ಲ ಊರಲ್ಲೂ ಇದ್ದದ್ದು ಗಂಟೆ, ತಮಟೆ, ಗಂಟಲು. ಬಣವೆಗೆ ಬೆಂಕಿ ಬಿದ್ದರೆ ಯಾರಾದರೂ ನೋಡಬೇಕು, ನೋಡಿದವರು ಕೂಗಬೇಕು. 1852ರಲ್ಲಿ ಬಾಸ್ಟನ್ ನಗರದಲ್ಲಿ ವಿಲಿಯಂ ಚ್ಯಾನಿಂಗ್ ಎಂಬ ವೈದ್ಯ, ಮೋಸೆಸ್ ಫಾರ್ಮರ್ ಎಂಬ ಯಂತ್ರದ ಹುಚ್ಚಿನವನು ಸೇರಿ ಬೀದಿ ಬೀದಿಗೆ ಟೆಲಿಗ್ರಾಫ್ ಪೆಟ್ಟಿಗೆ ಇಟ್ಟರು. ಹಿಡಿ ತಿರುಗಿಸಿದರೆ ಪೆಟ್ಟಿಗೆಯ ಸಂಖ್ಯೆ ಕೇಂದ್ರಕ್ಕೆ ಹೋಗುತ್ತೆ. ಮನೆ ಹೊತ್ತಿ ಉರಿಯುತ್ತಿರುವಾಗ ಯಾರು ತಾನೆ ನಿಧಾನಕ್ಕೆ ತಿರುಗಿಸುತ್ತಾರೆ? ಜೋರಾಗಿ ತಿರುಗಿಸಿದರೆ ಸಂದೇಶ ಕಲಸುಮೇಲೋಗರ. ಹಾಗಾಗಿ ಆಮೇಲೆ ಗಡಿಯಾರದ ಸ್ಪ್ರಿಂಗ್ ಹಾಕಿ, ಹಿಡಿ ಎಳೆದರೆ ಸಾಕು ಅನ್ನುವ ಹಾಗೆ ಮಾಡಿದರು. ಈ ಪದ್ಧತಿಯ ಹಕ್ಕು ಕೊಂಡು ಊರೂರಿಗೆ ಹಬ್ಬಿಸಿದ ಜಾನ್ ಗೇಮ್‌ವೆಲ್‌ನ ಪೆಟ್ಟಿಗೆಗಳ ಸರ್ಕಿಟ್ ಸದಾ ಮುಚ್ಚಿದ ಸರ್ಕಿಟ್. ಕರೆಂಟ್ ಹರಿಯುತ್ತಲೇ ಇರಬೇಕು, ನಿಂತರೆ ಏನೋ ಆಗಿದೆ ಅಂತ ಅರ್ಥ.

ಹೊಗೆಯ ಮೂಗು ಸಿಕ್ಕಿದ ಕತೆ ಬೇರೆ, ಅದನ್ನು ಬಿಡೋಕೆ ಮನಸ್ಸಿಲ್ಲ. 1930ರ ದಶಕದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಟರ್ ಯೇಗರ್ ವಿಷಾನಿಲ ಪತ್ತೆ ಮಾಡುವ ಸಾಧನ ಕಟ್ಟಲು ಹೊರಟಿದ್ದ. ವಿಷಾನಿಲ ಬಿಟ್ಟರೂ ಮೀಟರಿನ ಮುಳ್ಳು ಅಲ್ಲಾಡಲಿಲ್ಲ. ಬೇಜಾರಾಗಿ ಸಿಗರೇಟ್ ಹಚ್ಚಿದ. ಮುಳ್ಳು ಅಲ್ಲಾಡಿತು! ಅಲ್ಲಿಂದ ಬಂದದ್ದು ಅಯಾನೀಕರಣದ ಹೊಗೆ ಡಿಟೆಕ್ಟರ್. ಅದರ ಹೊಟ್ಟೆಯಲ್ಲಿ ಚಿಟಿಕೆಗಿಂತ ಕಡಿಮೆ ಅಮೆರಿಸಿಯಂ–241 ಇರುವುದರಿಂದ ನಮ್ಮ ದೇಶದಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಕಣ್ಣೂ ಅದರ ಮೇಲಿದೆ. ಮಾವನ ಗೋಡೌನಿನಲ್ಲಿ ಇರುವುದು ಅದಲ್ಲ, ಬೆಳಕಿನದು. ಕತ್ತಲೆಯ ಪುಟ್ಟ ಗೂಡಿನಲ್ಲಿ ಒಂದು ಎಲ್‌ಇಡಿ, ಓರೆಯಾಗಿ ಒಂದು ಬೆಳಕಿನ ಕಣ್ಣು. ಹೊಗೆ ಒಳಗೆ ಬಂದರೆ ಬೆಳಕು ಚದುರಿ ಕಣ್ಣಿಗೆ ಬೀಳುತ್ತೆ. ಉರಿಯುವ ಮೊದಲು ಗಂಟೆಗಟ್ಟಲೆ ಹೊಗೆಯಾಡುವ ನಾರು, ಕೊಬ್ಬರಿಗೆ ಇದೇ ಸರಿ. ಕಷ್ಟ ಏನೆಂದರೆ ನಾರಿನ ಧೂಳು, ಜೇಡ, ಸಣ್ಣ ಹುಳ ಒಳಗೆ ಹೋದರೂ ಅದಕ್ಕೆ ಹೊಗೆಯೇ.

ಸರಿ, ಗೋಡೌನಿಗೆ ಬರೋಣ.

ಬಜರ್ ಸುಮ್ಮನಾಗಿತ್ತು, ಕರೆಂಟ್ ಬಂದಿತ್ತಲ್ಲ. ಆದರೆ ಹಳದಿ ದೀಪ ಉರಿಯುತ್ತಲೇ ಇತ್ತು. ಅದರ ಮೇಲೆ ಯಾರೋ ಇನ್ಸುಲೇಷನ್ ಟೇಪ್ ಅಂಟಿಸಿದ್ದರು. "ರಾತ್ರಿ ಕಣ್ಣಿಗೆ ಹೊಡೀತದೆ ಸ್ವಾಮಿ" ಅಂದ ಅಜ್ಜ. ಪ್ಯಾನೆಲ್ ಬಾಗಿಲು ತೆಗೆದೆ. ಕೆಳಗೆ 12 ವೋಲ್ಟಿನ ಎರಡು ಬ್ಯಾಟರಿ, ಸಾಲಾಗಿ ಕೂಡಿಸಿ 24. ಹೊಟ್ಟೆ ಊದಿಕೊಂಡಿತ್ತು. ಇಂಥ ಬ್ಯಾಟರಿ ಮೂರರಿಂದ ಐದು ವರ್ಷ ಬಾಳುತ್ತೆ, ಇವು ಹಾಕಿಸಿದಾಗಿನವೇ. ಮೇನ್ಸ್ ಆಫ್ ಮಾಡಿ ಅಳೆದರೆ 17 ವೋಲ್ಟ್, ನೋಡನೋಡುತ್ತಾ ಇಳಿಯುತ್ತಿದೆ. ಕರೆಂಟ್ ಹೋದರೆ ಪ್ಯಾನೆಲ್ಲಿಗೆ ಉಸಿರೇ ಇಲ್ಲ. ರಾತ್ರಿ ಅದು ಅತ್ತದ್ದು ಅದಕ್ಕೇ. ಬಿ.ಎಚ್. ರಸ್ತೆಯಲ್ಲಿ ಇನ್ವರ್ಟರ್ ಅಂಗಡಿಯವನ ಹತ್ತಿರ ಅದೇ ಅಳತೆಯ ಜೋಡಿ ಸಿಕ್ಕಿತು. ಹಾಕಿದೆ. ಹಳದಿ ದೀಪ ಆರಿತು. ಹಸಿರು.

ಮಾವ ಖುಷಿಯಾಗಿ ಕಾಫಿ ತರಿಸಿದರು. "ಅಷ್ಟೇ ತಾನೆ? ಇದಕ್ಕೆ ಬೆಂಗಳೂರಿಂದ ಬರಬೇಕಾಯ್ತಲ್ಲೋ ನೀನು!"

ಅಷ್ಟಕ್ಕೇ ಎದ್ದು ಬಂದಿದ್ದರೆ ಈ ಬರಹ ಇರುತ್ತಿರಲಿಲ್ಲ. ಆಫೀಸಿನ ಚಾಳಿ, ಏನಾದರೂ ರಿಪೇರಿ ಮಾಡಿದ ಮೇಲೆ ಒಂದು ಸಲ ಟೆಸ್ಟ್ ಮಾಡದಿದ್ದರೆ ಕೈ ತುರಿಸುತ್ತೆ. ಗಳುವಿನ ತುದಿಗೆ ಊದಿನಕಡ್ಡಿ ಕಂತೆ ಕಟ್ಟಿ ಒಂದನೇ ಜೋನಿನ ಡಿಟೆಕ್ಟರಿಗೆ ಹಿಡಿದೆ. ಅರ್ಧ ನಿಮಿಷಕ್ಕೆ ಕೆಂಪು, ಹೂಟರ್. ಮೂರನೆಯದು, ಕೋಣೆಯಲ್ಲಿ, ಅದೂ ಸರಿ. ಅಟ್ಟ ಹತ್ತಿದೆ. ಹಿಡಿದೆ. ಕಡ್ಡಿ ಅರ್ಧ ಆಯಿತು. ಏನೂ ಇಲ್ಲ. ಪಕ್ಕದ್ದಕ್ಕೆ ಹಿಡಿದೆ. ಅದರ ಪಕ್ಕದ್ದಕ್ಕೆ. ಎಂಟು ಡಿಟೆಕ್ಟರ್, ಎಂಟೂ ಮಿಣ್ಣಗೆ. ಕೆಳಗೆ ಪ್ಯಾನೆಲ್ ಮಾತ್ರ ಹಸಿರು ದೀಪ ತೋರಿಸಿಕೊಂಡು, ಎಲ್ಲ ಚೆನ್ನಾಗಿದೆ ಅನ್ನುತ್ತಿದೆ.

ಇಲ್ಲಿ ಒಂದು ಚೂರು ತಾಂತ್ರಿಕ ವಿಷಯ, ಸಹಿಸಿಕೊಳ್ಳಿ. ಇಂಥ ಪ್ಯಾನೆಲ್ ಪ್ರತಿ ಜೋನಿನ ಎರಡು ವೈರಿಗೆ 24 ವೋಲ್ಟ್ ಕೊಟ್ಟು, ಕೊನೆಯ ಡಿಟೆಕ್ಟರ್ ಆದ ಮೇಲೆ ಬಾಲದ ತುದಿಯಲ್ಲಿ ಒಂದು ರೆಸಿಸ್ಟರ್ ಇಟ್ಟಿರುತ್ತೆ. ಇಲ್ಲಿ ಅದು 4.7 ಕಿಲೋ ಓಮ್. ಅದರ ಮೂಲಕ ಸುಮಾರು 5 ಮಿಲಿಆಂಪಿಯರ್ ಕರೆಂಟ್ ಸದಾ ಸುತ್ತಿ ವಾಪಸ್ ಬರುತ್ತೆ. ಡಿಟೆಕ್ಟರಿಗೆ ಹೊಗೆ ಸಿಕ್ಕರೆ ಅದು ಜಾಸ್ತಿ ಎಳೆಯುತ್ತೆ: ಕೆಂಪು. ಮಧ್ಯೆ ಎಲ್ಲಾದರೂ ವೈರ್ ತುಂಡಾದರೆ ಕರೆಂಟ್ ಸೊನ್ನೆ: ಹಳದಿ. ರಾಬಿನ್ಸನ್‌ನ ಹಳಿಯೇ ಇದು, ಸೂರಿಗೆ ಹತ್ತಿದೆ ಅಷ್ಟೆ. ರೆಸಿಸ್ಟರ್ ಬಾಲದ ತುದಿಯಲ್ಲೇ ಇರಬೇಕು ಅನ್ನುವುದರಲ್ಲಿ ಇಡೀ ವಿದ್ಯೆ ಇದೆ.

ಪ್ಯಾನೆಲ್ಲಿನ ಒಳಬೋರ್ಡು ಸರಿಸಿ ಟಾರ್ಚ್ ಬಿಟ್ಟೆ. ಎರಡನೇ ಜೋನಿನ ತಿರುಪುಗಳ ಮಧ್ಯೆ ಒಂದು ಪುಟಾಣಿ ರೆಸಿಸ್ಟರ್ ಕೂತಿತ್ತು. ಹಳದಿ, ನೇರಳೆ, ಕೆಂಪು ಪಟ್ಟಿ. ಅಟ್ಟದಿಂದ ಬಂದ ಎರಡು ವೈರ್ ಹಿಂದೆ ಸುರುಳಿ ಸುತ್ತಿ ಟೇಪ್ ಹಾಕಿಸಿಕೊಂಡು ಮಲಗಿದ್ದವು. ಪ್ಯಾನೆಲ್ಲಿಗೆ ತನ್ನ 5 ಮಿಲಿಆಂಪಿಯರ್ ವಾಪಸ್ ಬರುತ್ತಿದೆ. ಅದರ ಪ್ರಕಾರ ಅಟ್ಟ ಕ್ಷೇಮ. ಆದರೆ ಅದು ನೋಡುತ್ತಿದ್ದದ್ದು ಅಟ್ಟವನ್ನಲ್ಲ, ತನ್ನ ಮೂಗಿನ ತುದಿಯನ್ನು.

ಮಾವನನ್ನು ಕರೆದು ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹೋದ ವರ್ಷ ಸುಣ್ಣ ಬಣ್ಣ ಹೊಡೆಸಿದ ಮೇಲೆ ದಿನಾ ಬಡ್ಕೊಳ್ತಾ ಇತ್ತು. ಒಬ್ಬನ್ನ ಕರೆಸಿದ್ದೆ. ಅಟ್ಟದ ತುಂಬ ಕಾಯಿ, ಹತ್ತಕ್ಕೆ ಜಾಗ ಇಲ್ಲ ಅಂದ. ಸದ್ದು ನಿಂತ್ರೆ ಸಾಕು ಮಾರಾಯ ಅಂತ ನಾನೇ ಅಂದಿದ್ದೆ" ಅಂದರು.

ಆ ಮೆಕ್ಯಾನಿಕ್‌ನನ್ನು ಬೈಯುವುದು ಸುಲಭ. ಆದರೆ ಅವನು ಮಾಡಿದ್ದು ಪತ್ತೆಕೆಲಸದ ಸರಿಯಾದ ಮೊದಲ ಹೆಜ್ಜೆ. ದೋಷ ಪ್ಯಾನೆಲ್ಲಿನಲ್ಲಿದೆಯೋ ಹೊರಗಿನ ವೈರಿನಲ್ಲಿದೆಯೋ ಅಂತ ತಿಳಿಯಲು, ಹೊರ ವೈರ್ ಬಿಚ್ಚಿ ಅಲ್ಲೇ ಒಂದು ರೆಸಿಸ್ಟರ್ ಹಾಕಿ ನೋಡಬೇಕು. ಹಳದಿ ಹೋದರೆ ಪ್ಯಾನೆಲ್ ಚೆನ್ನಾಗಿದೆ, ಕಾಯಿಲೆ ಹೊರಗಿದೆ. ನಾನಾದರೂ ಅದನ್ನೇ ಮಾಡುತ್ತಿದ್ದೆ. ಅವನು ಎರಡನೇ ಹೆಜ್ಜೆ ಇಡಲಿಲ್ಲ, ಅಷ್ಟೆ. ಸದ್ದು ನಿಂತಿತ್ತು, ದುಡ್ಡು ಕೊಟ್ಟರು, ಹೋದ. ನಮ್ಮ ಆಫೀಸಿನ ಚಾಟಿನಲ್ಲಿ ನಾನೇ ಮ್ಯೂಟ್ ಮಾಡಿಟ್ಟಿರುವ ಅಲರ್ಟ್ ಚಾನೆಲ್‌ಗಳು ಎಷ್ಟಿವೆ ಅಂತ ಲೆಕ್ಕ ಹಾಕಿದೆ. ಇಲ್ಲಿ ಬರೆಯಲು ನಾಚಿಕೆ.

ಎರಡನೇ ಹೆಜ್ಜೆಗೆ ಮಧ್ಯಾಹ್ನವೆಲ್ಲ ಹಿಡಿಯಿತು. ಅಟ್ಟದ ವೈರನ್ನು ಮೀಟರಿನಲ್ಲಿ ಅಳೆದರೆ 4.7 ಕಿಲೋ ಓಮ್ ಬರಬೇಕಿತ್ತು, ಬಂದದ್ದು ಅನಂತ. ಎಂಟು ಡಿಟೆಕ್ಟರಿನ ಸಾಲಿನಲ್ಲಿ ನಡುವಿನ ನಾಲ್ಕನೆಯದರ ತಳ ಬಿಚ್ಚಿ ಎರಡೂ ಕಡೆ ಅಳೆದೆ. ಬಾಲದ ಕಡೆ ಸರಿ ಇತ್ತು, ತಲೆಯ ಕಡೆ ಸತ್ತಿತ್ತು. ಆ ಅರ್ಧದ ಅರ್ಧ, ಅದರ ಅರ್ಧ. ಕಾಯಿ ರಾಶಿಯ ಮೇಲೆ ಅಜ್ಜ ಕೋತಿಯಂತೆ ಸಲೀಸಾಗಿ ಓಡಾಡಿದ, ನಾನು ತೆವಳಿದೆ. ಎರಡನೆಯ ಮತ್ತು ಮೂರನೆಯದರ ಮಧ್ಯೆ, ತೊಲೆಯ ಹಿಂದೆ, ಇಲಿ ಒಂದು ವೈರನ್ನು ಕಡಿದು ಹಾಕಿತ್ತು. ಮೂರನೆಯ ಡಿಟೆಕ್ಟರಿಗೆ ಬಣ್ಣದವನು ಪ್ಲಾಸ್ಟಿಕ್ ಕವರ್ ಕಟ್ಟಿ ಬಿಚ್ಚಲು ಮರೆತಿದ್ದ. ಅದೊಂದೇ ಆಗಿದ್ದಿದ್ದರೆ ಯಾವ ದೀಪವೂ ಹೇಳುತ್ತಿರಲಿಲ್ಲ. ಕವರ್ ಹಾಕಿಕೊಂಡ ಮೂಗಿನ ಸುದ್ದಿ ಕರೆಂಟಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಹೊಗೆ ಹಿಡಿದೇ ನೋಡಬೇಕು.

ಹೊಸ ವೈರನ್ನು ಪೈಪಿನೊಳಗೆ ಎಳೆದು, ರೆಸಿಸ್ಟರನ್ನು ಅದರ ಸ್ವಸ್ಥಾನಕ್ಕೆ ಬಿಟ್ಟು ಇಳಿಯುವಾಗ ಸಂಜೆ. ಅಟ್ಟದ ಕೆಳಗಿನ ಅಜ್ಜನ ಮಂಚ ಮೇಲಿನಿಂದ ಸರಿಯಾಗಿ ಕಾಣುತ್ತಿತ್ತು. ಒಂದು ವರ್ಷ ಆ ಮನುಷ್ಯ, ಕಾವಲು ಕಾಯುತ್ತಿದ್ದೇನೆ ಅಂದುಕೊಂಡಿದ್ದ ಯಂತ್ರದ ಕೆಳಗೆ ನಿಶ್ಚಿಂತೆಯಾಗಿ ಮಲಗಿದ್ದ.

ನಮ್ಮ ಸೀಮೆಯಲ್ಲಿ ಬೆಂಕಿಯ ದಾಖಲೆಗಳೂ ಒಂದು ಥರ ಹೀಗೇ. ಭಾನುವಾರ ರೈಲಿಗೆ ಸಮಯವಿದ್ದುದರಿಂದ ಮಾವನ ಮಗನ ಬೈಕಿನಲ್ಲಿ ಜಾವಗಲ್ ದಾರಿ ಹಿಡಿದು ಹಳೇಬೀಡು, ಬೇಲೂರು ಸುತ್ತಿ ಬಂದೆ. ಬೇಲೂರಿನ ಚೆನ್ನಕೇಶವ ಗುಡಿ 1117ರದ್ದು ಅಂತ ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಮುಂದಿನ ಎತ್ತರದ ಗೋಪುರ ಮಾತ್ರ ಹೊಯ್ಸಳರದ್ದಲ್ಲ. ಹದಿನಾಲ್ಕನೇ ಶತಮಾನದಲ್ಲಿ ಕಲಬುರಗಿಯಿಂದ ಬಂದ ಗಂಗ ಸಾಲಾರ ಎಂಬ ಸೇನಾನಿ ಹೆಬ್ಬಾಗಿಲನ್ನು ಸುಟ್ಟ. ವಿಜಯನಗರದ ಎರಡನೇ ಹರಿಹರನ ಕಾಲದಲ್ಲಿ, 1397ರಲ್ಲಿ, ಗುಂಡ ದಂಡನಾಯಕ ಅದನ್ನು ಮತ್ತೆ ಕಟ್ಟಿಸಿದ. ಬೆಂಕಿ ಬಿದ್ದ ಸಂಗತಿ ನಮಗೆ ಗೊತ್ತಿರುವುದೇ ಕಟ್ಟಿಸಿದವನ ಶಾಸನದಿಂದ.

ಕಲ್ಲಿನ ಶಾಸನ ಹಾಗೆ, ಸರ್ಕಾರದ್ದೂ ಹೆಚ್ಚುಕಮ್ಮಿ ಹಾಗೇ. ಏಪ್ರಿಲ್ 14ರಂದು ದೇಶವೆಲ್ಲ ಅಗ್ನಿಶಾಮಕ ಸೇವಾ ದಿನ ಆಚರಿಸುತ್ತೆ. ಅದು 1944ರ ಮುಂಬೈ ಬಂದರಿನ ಸ್ಫೋಟದ ದಿನ. ಫೋರ್ಟ್ ಸ್ಟೈಕಿನ್ ಹಡಗಿನಲ್ಲಿ ಹತ್ತಿ ಬೇಲುಗಳ ಜೊತೆಗೇ ಮದ್ದುಗುಂಡು ತುಂಬಿದ್ದರು. ಮಧ್ಯಾಹ್ನವೇ ಹತ್ತಿ ಹೊಗೆಯಾಡಲು ಶುರು. ಸಂಜೆ ನಾಲ್ಕು ದಾಟಿದ ಮೇಲೆ ಹಡಗು ಸಿಡಿಯಿತು. ನಂದಿಸಲು ಹೋದವರೂ ಸತ್ತರು. ಮಧ್ಯಾಹ್ನಕ್ಕೂ ನಾಲ್ಕು ಗಂಟೆಗೂ ನಡುವಿನ ಆ ಅಂತರದ ಬಗ್ಗೆ ನನಗೆ ಮೊದಲು ಏನೂ ಅನ್ನಿಸುತ್ತಿರಲಿಲ್ಲ. ಅಟ್ಟದಲ್ಲಿ ತೆವಳಿದ ಮೇಲೆ ಅನ್ನಿಸುತ್ತೆ.

ಮತ್ತೆ ನಮ್ಮದೇ ಬೆಂಗಳೂರು. 23 ಫೆಬ್ರವರಿ 2010, ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್. ಮಂಗಳವಾರ ಮಧ್ಯಾಹ್ನ, ನಿಮ್ಮ ನಮ್ಮಂಥವರು ಕೂತು ಕೆಲಸ ಮಾಡುವ ಆಫೀಸುಗಳು. ವೈರುಗಳು ಹೋಗುವ ಡಕ್ಟಿನಲ್ಲಿ ಹೊತ್ತಿಕೊಂಡದ್ದು ಹೊಗೆಯಾಗಿ ಮೇಲಿನ ಮಹಡಿಗಳಿಗೆ ಏರಿತು. ಉಸಿರುಗಟ್ಟಿದವರು ಕಿಟಕಿ ಒಡೆದು ಹಾರಿದರು. ಒಂಬತ್ತು ಜನ ಸತ್ತರು. ಹೊರಗೆ ಹೋಗುವ ತುರ್ತು ದಾರಿಗಳು ಮುಚ್ಚಿದ್ದವು ಅನ್ನುವುದು ಆಮೇಲೆ ಎಲ್ಲರೂ ಆಡಿದ ಮಾತು.

ಆ ಮಾತು ನನಗೆ ನೆನಪಾದದ್ದು ಶನಿವಾರ ಸಂಜೆಯೇ. ಕೊನೆಯ ಟೆಸ್ಟಿಗೆ ಅಜ್ಜನೇ ಗಳು ಹಿಡಿದ. ಅಟ್ಟದ ಡಿಟೆಕ್ಟರಿನಲ್ಲಿ ಕೆಂಪು ಚುಕ್ಕೆ ಹೊತ್ತಿ, ಹೂಟರ್ ಯಾರ್ಡೆಲ್ಲ ಕೇಳುವ ಹಾಗೆ ಕೂಗಿತು. ಅಕ್ಕಪಕ್ಕದ ಮಂಡಿಯವರು ಲುಂಗಿ ಎತ್ತಿಕಟ್ಟಿಕೊಂಡು ಓಡಿ ಬಂದರು. ಮಾವ ಎಲ್ಲರಿಗೂ "ಟೆಸ್ಟಿಂಗು, ಟೆಸ್ಟಿಂಗು" ಅಂತ ಕೈ ಮುಗಿದು ಟೀ ಹೇಳಬೇಕಾಯಿತು. ಗಲಾಟೆ ಮುಗಿದ ಮೇಲೆ ಅಜ್ಜ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ:

"ಇದು ಹಿಂಗೆ ರಾತ್ರಿ ಕೂಗಿದ್ರೆ ನಾನು ಯಾವ ಕಡೆ ಹೋಗ್ಲಿ ಸ್ವಾಮಿ?"

ಮುಂದಿನ ಶಟರ್ ರಾತ್ರಿ ಹೊರಗಿನಿಂದ ಬೀಗ, ಕೀಲಿ ಮಾವನ ಮನೆಯಲ್ಲಿ. ಹಿಂದಿನ ಬಾಗಿಲಿಗೆ ಒಳಗಿನಿಂದ ಚಿಲಕ ಇದೆ, ಆದರೆ ಅದರ ಮುಂದೆ ಆಳೆತ್ತರ ಕೊಬ್ಬರಿ ಮೂಟೆ.

ಮಾವ ನನ್ನ ಮುಖ ನೋಡಲಿಲ್ಲ. ಹಮಾಲಿಗಳು ಮನೆಗೆ ಹೋಗಿಯಾಗಿತ್ತು. ಅಂಗಿ ಬಿಚ್ಚಿ ಮೊಳೆಗೆ ನೇತುಹಾಕಿ, ಮೊದಲ ಮೂಟೆಗೆ ತಾವೇ ಕೈ ಹಾಕಿದರು. ನಲವತ್ತೊಂದು ಮೂಟೆ. ವೈರ್ ಹುಡುಕುವುದಕ್ಕಿಂತ ಅದಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ಬಾಗಿಲು ತೆರೆದಾಗ ರಾತ್ರಿ ಹತ್ತು ಗಂಟೆ, ಹಿಂದಿನ ಓಣಿಯಿಂದ ಗಾಳಿ ಬಂತು.